ಅಪ್‌ಡೇಟ್: ಕ್ಯಾತ್ಸಂದ್ರದ ಮನೆಯನ್ನು ಕೈ ಬದಲಿಸಲಿಲ್ಲ, ನಾವೇ ಇಟ್ಟುಕೊಂಡೆವು

ತುಮಕೂರಿನ ಕ್ಯಾತ್ಸಂದ್ರದಲ್ಲಿ ಒಂದು ಹಳೇ ಮನೆಗೆ 38 ಲಕ್ಷಕ್ಕೆ ಅಗ್ರಿಮೆಂಟ್ ಮಾಡಿಕೊಂಡಿದ್ದೆ. ಅದನ್ನು ಬೇರೆ ಪಾರ್ಟಿಗೆ ದಾಟಿಸಿ ಲಾಭ ತೆಗೆಯುವುದಾ, ಸಾಲ ಮಾಡಿ ನಾವೇ ಇಟ್ಟುಕೊಳ್ಳುವುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ರಿಜಿಸ್ಟ್ರೇಷನ್ ಆಯಿತು, ನಮ್ಮ ಹೆಸರಿಗೇ.

ಕರಾರಿನಲ್ಲಿ ‘ನನ್ನ ಅಥವಾ ನಾನು ಸೂಚಿಸಿದವರ ಹೆಸರಿಗೆ’ ಅಂತ ಇದ್ದದ್ದರಿಂದ ದಾಟಿಸಲು ತೊಂದರೆ ಇರಲಿಲ್ಲ. ಆದರೆ ಬಂದ ಪಾರ್ಟಿ ಕೊಡಲು ಒಪ್ಪಿದ್ದು ಒಂದೇ ಲಕ್ಷ ಜಾಸ್ತಿ. ಬ್ರೋಕರ್ ಕಮಿಷನ್ ಕಳೆದರೆ ಉಳಿಯೋದೇನು?

ದುಡ್ಡಿನ ಲೆಕ್ಕ ಕೇಳಿದವರಿಗೆ: 30 ಲಕ್ಷದೊಳಗಿನ ಗೃಹಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ. 90ರವರೆಗೂ ಕೊಡಬಹುದು, ಆದರೆ ನಮ್ಮ ಸಂಬಳ ನೋಡಿ ಕೊಟ್ಟಿದ್ದು 27 ಲಕ್ಷ. ಸ್ಟಾಂಪ್ ಡ್ಯೂಟಿ ಸಾಲದಲ್ಲಿ ಸೇರಲ್ಲ, ಇದನ್ನು ನೆನಪಿಡಿ. ಡ್ಯೂಟಿ ಶೇ. 5, ಸೆಸ್ ಸರ್ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಅಲ್ಲಿಗೇ ಸುಮಾರು 2.9 ಲಕ್ಷ ಕೈಯಿಂದ ಹೋಯಿತು. ಉಳಿದದ್ದಕ್ಕೆ ಚೀಟಿ ಎತ್ತಿದೆವು, ಮನೆಯವಳ ಒಡವೆ ಬ್ಯಾಂಕಿಗೆ ಹೋಯಿತು. (ಅದರ ಬಗ್ಗೆ ದಯವಿಟ್ಟು ಕೇಳಬೇಡಿ.)

ಭೋಗ್ಯಕ್ಕೆ (ಬಾಡಿಗೆ ಬದಲು ಒಟ್ಟಿಗೆ ದೊಡ್ಡ ಮೊತ್ತ ತಗೊಂಡು, ಅವರು ಬಿಡುವಾಗ ವಾಪಸ್ ಕೊಡೋದು) ಹಾಕಿ ಅಂತ ಸುಮಾರು ಜನ ಹೇಳಿದಿರಿ. ಸಾಲ ಇರುವ ಮನೆಗೆ ಬ್ಯಾಂಕಿನ ಒಪ್ಪಿಗೆ ಬೇಕು, ಆಮೇಲೆ ಅಷ್ಟು ದುಡ್ಡು ವಾಪಸ್ ಕೊಡೋದು ಯಾರು? ಹಾಗಾಗಿ ಬಾಡಿಗೆಯೇ. ಎರಡು ಪೋರ್ಷನ್‌ನಿಂದ 16 ಸಾವಿರ ಬರುತ್ತೆ, ಕಂತು 23 ಸಾವಿರ ದಾಟುತ್ತೆ. ತಿಂಗಳಿಗೆ 7 ಸಾವಿರದ ಮೇಲೆ ನಾವೇ ಹಾಕುತ್ತಿದ್ದೇವೆ. ನನಗಿದು ಒಪ್ಪಿಗೆ.

ಖಾತಾ ವರ್ಗಾವಣೆ ಇನ್ನೂ ಆಗಬೇಕು. ಮಳೆಗಾಲದೊಳಗೆ ಹಿಂದಿನ ಪೋರ್ಷನ್ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ತುಮಕೂರಲ್ಲಿ ಒಳ್ಳೆ ಮೇಸ್ತ್ರಿ ಗೊತ್ತಿದ್ದರೆ ಹೇಳಿ.