ಹೆಣ್ಣು ಮಾತ್ರ ಆರಿಸುತ್ತದಾ?

ಶ್ರೀಧರ ಮಾವ: (ಮನೆಯವರ ಗುಂಪಿಗೆ ನವಿಲು ಕುಣಿಯುವ ವಿಡಿಯೊ ಹಾಕಿ, ಕೆಳಗೆ) “ಗಂಡು ಪೈಪೋಟಿ ಮಾಡಬೇಕು, ಹೆಣ್ಣು ಆರಿಸಬೇಕು. ಪ್ರಕೃತಿಯ ನಿಯಮ ಇದೇ. ಮನುಷ್ಯರೂ ಕಲಿಯಲಿ.”

ವೀಣಾ ಅತ್ತೆ: ಎಷ್ಟು ಚಂದ ಕುಣಿಯುತ್ತಿದೆ!

ಸುಮಾ: ವಿಡಿಯೊ ಚೆನ್ನಾಗಿದೆ ಮಾವ. ಕೆಳಗಿನ ಸಾಲು ಒಪ್ಪಲ್ಲ. ನಮ್ಮ ಕೆರೆಗಳಲ್ಲಿ ತಾವರೆ ಎಲೆ ಮೇಲೆ ಓಡಾಡುವ ಉದ್ದ ಬಾಲದ ಜಕಾನಾ ಹಕ್ಕಿ ಇದೆಯಲ್ಲ, ಅದರಲ್ಲಿ ಹೆಣ್ಣೇ ದೊಡ್ಡದು. ಗಂಡಿಗಾಗಿ ಹೆಣ್ಣುಗಳು ಕಾದಾಡುತ್ತವೆ. ನಾಲ್ಕು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತವೆ. ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡಿನ ಕೆಲಸ.

ಶ್ರೀಧರ ಮಾವ: ಅದೊಂದು ಅಪವಾದ ಅಷ್ಟೇ. ಡಾರ್ವಿನ್ 1871ರ ಪುಸ್ತಕದಲ್ಲೇ ಈ ನಿಯಮ ಬರೆದಿದ್ದಾರೆ, ಅಲ್ವಾ?

ಸುಮಾ: ಹೆಣ್ಣಿಗೇ ಬಣ್ಣ ಜಾಸ್ತಿ ಇರುವ ಹಕ್ಕಿಗಳ ವಿಷಯವನ್ನೂ ಅದೇ ಪುಸ್ತಕದಲ್ಲಿ ಬರೆದಿದ್ದಾರೆ ಮಾವ.

ರಘು: ಮೊಟ್ಟೆ ದೊಡ್ಡದು, ವೀರ್ಯ ಸಣ್ಣದು. ಖರ್ಚು ಹೆಣ್ಣಿಗೇ ಜಾಸ್ತಿ. ಹಾಗಾಗಿ ಹೆಣ್ಣು ನೋಡಿ ಆರಿಸಲೇಬೇಕು. ಮಾವ ಹೇಳಿದ್ದರಲ್ಲಿ ತಪ್ಪೇನು?

ಸುಮಾ: ಖರ್ಚು ಮೊಟ್ಟೆಗೇ ಮುಗಿಯಲ್ಲ ರಘು ಅಣ್ಣ. ಮರಿಗಾಗಿ ಯಾರು ಹೆಚ್ಚು ಕೊಡುತ್ತಾರೋ ಅವರು ಆರಿಸುತ್ತಾರೆ, ಅವರಿಗಾಗಿ ಉಳಿದವರು ಪೈಪೋಟಿ ಮಾಡುತ್ತಾರೆ ಅಂತ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1972ರಲ್ಲಿ ಹೇಳಿದರು. ಅಮೆರಿಕದಲ್ಲಿ ಮಾರ್ಮನ್ ಕ್ರಿಕೆಟ್ ಅಂತ ಮಿಡತೆಯಂಥ ಕೀಟವಿದೆ. ಕೂಡುವಾಗ ಗಂಡು ಹೆಣ್ಣಿಗೆ ತಿನ್ನಲು ಪ್ರೋಟೀನಿನ ಮುದ್ದೆ ಕೊಡುತ್ತದೆ. ಅದು ಗಂಡಿನ ಮೈತೂಕದ ಸುಮಾರು ಕಾಲು ಭಾಗ! ಆಹಾರ ಕಡಿಮೆ ಇರುವ ಕಡೆ ಆ ಮುದ್ದೆಗಾಗಿ ಹೆಣ್ಣುಗಳು ಜಗಳವಾಡುತ್ತವೆ. ಹಗುರ ಹೆಣ್ಣನ್ನು ಗಂಡು ಬೇಡ ಅನ್ನುತ್ತದೆ. ತೂಕದ ಹೆಣ್ಣಿನಲ್ಲಿ ಮೊಟ್ಟೆ ಜಾಸ್ತಿ.

ವೀಣಾ ಅತ್ತೆ: ಇಬ್ಬರೂ ಆರಿಸುವುದು ಎಲ್ಲೂ ಇಲ್ವಾ?

ಸುಮಾ: ಇದೆ ಅತ್ತೆ. ಅಲಾಸ್ಕಾ ಕಡೆ ಕ್ರೆಸ್ಟೆಡ್ ಆಕ್ಲೆಟ್ ಅಂತ ಕಡಲಹಕ್ಕಿ. ಗಂಡಿಗೂ ಹೆಣ್ಣಿಗೂ ಹಣೆ ಮೇಲೆ ಜುಟ್ಟು. ವಿಜ್ಞಾನಿಗಳು ಉದ್ದ ಜುಟ್ಟಿನ ಬೊಂಬೆ ಹಕ್ಕಿ ಇಟ್ಟು ನೋಡಿದರು. ಗಂಡೂ ಹೆಣ್ಣೂ ಅದಕ್ಕೇ ಜಾಸ್ತಿ ಒಲವು ತೋರಿಸಿದವು. ಆ ಹಕ್ಕಿಗಳು ಮರಿಯನ್ನೂ ಜೊತೆಯಾಗಿಯೇ ಸಾಕುತ್ತವೆ.

ರಘು: ಇದು ಗೊತ್ತಿರಲಿಲ್ಲ.

ಶ್ರೀಧರ ಮಾವ: ಇರಲಿ. ನವಿಲಿನಲ್ಲಿ ಮಾತ್ರ ನಾನು ಹೇಳಿದ್ದೇ ಸರಿ.

ಸುಮಾ: ಹೌದು, ಒಪ್ಪುತ್ತೇನೆ. ಗಂಡು ನವಿಲು ಕಾವು ಕೊಡಲ್ಲ, ಮರಿ ಸಾಕಲ್ಲ. ಪೂರ್ತಿ ಹೊರೆ ಹೆಣ್ಣಿನ ಮೇಲೆ. ಅದಕ್ಕೇ ಅಷ್ಟು ನೋಡಿ ಆರಿಸುತ್ತದೆ. “ಮನುಷ್ಯರೂ ಕಲಿಯಲಿ” ಅನ್ನುವುದನ್ನು ಮಾತ್ರ ತೆಗೆದುಬಿಡಿ ಮಾವ. ಗುಂಪಿನಲ್ಲಿ ಮಕ್ಕಳಿದ್ದಾರೆ, ನಿಜ ಅಂತ ನಂಬಿಬಿಡುತ್ತಾರೆ.

ಶ್ರೀಧರ ಮಾವ: ಸರಿ, ಆ ಸಾಲು ತೆಗೆದು ಮತ್ತೆ ಹಾಕುತ್ತೇನೆ. ಆ ಜಕಾನಾ ಫೋಟೊ ಇದ್ದರೆ ಕಳಿಸು.