ಇಗ್ವಾಸು ಜಲಪಾತದ ಜೊತೆ ಸಾನ್ ಇಗ್ನಾಸಿಯೋ ಪಾಳು ಊರನ್ನೂ ನೋಡಬೇಕಾ? ಐದು ದಿನ ಇದೆ

ತೊಗರಿಕಣಜ (ಕಲಬುರಗಿ):
ತಮ್ಮ ಬ್ರೆಜಿಲ್‌ನ ಸಾವ್ ಪೌಲೋದಲ್ಲಿ ಕೆಲಸಕ್ಕಿದ್ದಾನೆ. ಏಪ್ರಿಲ್‌ನಲ್ಲಿ ಅಪ್ಪ, ಅವ್ವನನ್ನು ಕರೆದುಕೊಂಡು ಹೋಗಿ, ಅಲ್ಲಿಂದ ಇಗ್ವಾಸು ನೋಡಿ ಬರುವ ಯೋಚನೆ. ಅರ್ಜೆಂಟೀನಾದ ಮಿಸಿಯೋನೆಸ್ ಪ್ರಾಂತ್ಯದಲ್ಲಿ ಸಾನ್ ಇಗ್ನಾಸಿಯೋ ಮಿನಿ ಅಂತ ಜೆಸ್ವಿಟ್ ಪಾದ್ರಿಗಳ ಹಳೇ ಊರಿದೆಯಲ್ಲ, ಅದನ್ನೂ ನೋಡುವ ಆಸೆ ನನಗೆ. ಅಪ್ಪ ಮಾತ್ರ "ಬಿದ್ದ ಗೋಡೆ ನೋಡಲಿಕ್ಕೆ ಅಷ್ಟು ದೂರ ಯಾಕೆ, ನಮ್ಮ ಕೋಟೆಯಲ್ಲಿ ಕಡಿಮೆ ಇವೆಯಾ?" ಅನ್ನುತ್ತಾರೆ. ಅವರಿಗೆ 63 ವರ್ಷ. ಅವ್ವನಿಗೆ ಮೊಣಕಾಲು ನೋವು. ಇಬ್ಬರೂ ಶುದ್ಧ ಸಸ್ಯಾಹಾರಿ. ಹೋದವರಿದ್ದರೆ ಹೇಳಿ.

ಬಿದ್ರಿ ಹೂಜಿ (ಬೀದರ್):
ನಾನು ಯಜಮಾನರ ಜೊತೆ ಹೋಗಿದ್ದೆ ರೀ. ಮೊದಲು ವೀಸಾ ನೋಡಿಕೊಳ್ಳಿ. ಜಲಪಾತ ಬ್ರೆಜಿಲ್, ಅರ್ಜೆಂಟೀನಾ ಎರಡು ದೇಶದ ಗಡಿಯಲ್ಲಿದೆ, ಬ್ರೆಜಿಲ್ ವೀಸಾ ಒಂದೇ ಸಾಲದು. ವಾಪಸ್ ಸಾವ್ ಪೌಲೋಗೇ ಬರಬೇಕಲ್ವಾ, ಹಾಗಾಗಿ ಬ್ರೆಜಿಲ್ ಒಳಗೆ ಇನ್ನೊಂದು ಸಲ ಬಿಡುವಂಥ ವೀಸಾನೇ ಬೇಕು.

ಬ್ರೆಜಿಲ್ ಕಡೆ ಅರ್ಧ ದಿನ ಸಾಕು, ಇಡೀ ಜಲಪಾತ ಎದುರಿಗೆ ಕಾಣುತ್ತದೆ. ಅರ್ಜೆಂಟೀನಾ ಕಡೆಗೆ ಪೂರ್ತಿ ದಿನ ಇಡಿ. ಸುಮಾರು 275 ಧಾರೆ, 2.7 ಕಿ.ಮೀ. ಅಗಲ ಅಂತ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಅಲ್ಲಿ ಪಾರ್ಕಿನ ಪುಟ್ಟ ರೈಲು ಇಳಿದು ಕಬ್ಬಿಣದ ಜಾಲರಿ ಸೇತುವೆ ಮೇಲೆ ಒಂದು ಕಿ.ಮೀ. ನಡೆಯಬೇಕು, ಕಾಲ ಕೆಳಗೆ ಹೊಳೆ ಸುಮ್ನೆ ಹರಿಯುತ್ತಿರುತ್ತದೆ, ನಮ್ಮ ಭೀಮೆಯಷ್ಟೇ ಸಮಾಧಾನ, ಆಮೇಲೆ ಒಮ್ಮೆಲೇ ಮುಂದೆ ಹೊಳೆಯೇ ಇಲ್ಲ! ಅದೇ 'ದೆವ್ವದ ಗಂಟಲು' ಅನ್ನುವ ದೊಡ್ಡ ಧಾರೆ, ಸುಮಾರು 80 ಮೀಟರ್ ಎತ್ತರ. ಸೇತುವೆ ಸಮತಟ್ಟು, ನಿಮ್ಮ ಅವ್ವ ನಿಧಾನಕ್ಕೆ ನಡೆಯಬಹುದು.

ಉದ್ದ ಮೂಗಿನ, ಬಾಲಕ್ಕೆ ಪಟ್ಟೆ ಇರುವ ಕೋಆಟಿ ಅನ್ನುವ ಪ್ರಾಣಿಗಳ ಬಗ್ಗೆ ಹುಷಾರು. ಗುಡಿಯ ಮಂಗಗಳೇ ವಾಸಿ. ನನ್ನ ಚೀಲಕ್ಕೆ ಮೂತಿ ತೂರಿಸಿ ಶೇಂಗಾ ಚಿಕ್ಕಿ ಪಾಕೀಟು ಎಳೆದುಕೊಂಡು ಹೋಯಿತು.

ದಬದಬಿ (ಗುರುಮಠಕಲ್):
ಅಣ್ಣ, ಪಾಳು ಊರು ಬಿಡಬೇಡಿ. ಜಲಪಾತದ ಕಡೆಯಿಂದ ಪೊಸಾದಾಸ್ ನಗರಕ್ಕೆ ಹೋಗುವ ಬಸ್ಸು ಹತ್ತಿದರೆ ಪಾಳು ಊರಿಗೆ ಸುಮಾರು 240 ಕಿ.ಮೀ., ಅಂದರೆ ಕಲಬುರಗಿಯಿಂದ ಹೈದರಾಬಾದಿಗಿಂತ ಸ್ವಲ್ಪ ಜಾಸ್ತಿ. ಒಂದೇ ದಿನದಲ್ಲಿ ಹೋಗಿ ಬಂದರೆ ಹಿರಿಯರಿಗೆ ಸುಸ್ತು, ಒಂದು ರಾತ್ರಿ ಅಲ್ಲೇ ಉಳಿಯಿರಿ. ದಾರಿಯ ಮಣ್ಣು ಬೀದರಿನ ಹಾಗೇ ಕೆಂಪು.

ಅಪ್ಪನವರಿಗೆ ಈ ಕಥೆ ಹೇಳಿ ನೋಡಿ. ಈ ಊರು 1610ರಲ್ಲಿ ಮೊದಲು ಕಟ್ಟಿದ್ದು ಈಗಿನ ಬ್ರೆಜಿಲ್ ನೆಲದಲ್ಲಿ. ಗುಲಾಮರನ್ನು ಹಿಡಿಯಲು ಬರುತ್ತಿದ್ದವರ ಕಾಟಕ್ಕೆ ಅಲ್ಲಿನ ಮೂಲನಿವಾಸಿ ಗ್ವಾರಾನಿ ಜನ, ಪಾದ್ರಿಗಳು ಎಲ್ಲ 1631ರಲ್ಲಿ ಊರೇ ಬಿಟ್ಟು ದಕ್ಷಿಣಕ್ಕೆ ಇಳಿದರು. ಆ ದಾಳಿಕೋರರು ಬರುತ್ತಿದ್ದದ್ದು ನಿಮ್ಮ ತಮ್ಮ ಇರುವ ಸಾವ್ ಪೌಲೋದಿಂದಲೇ! ಈಗಿನ ಜಾಗಕ್ಕೆ ಬಂದದ್ದು 1696ರಲ್ಲಿ. 1767ರಲ್ಲಿ ಸ್ಪೇನ್ ರಾಜ ಪಾದ್ರಿಗಳನ್ನೇ ಓಡಿಸಿದ, ಆಮೇಲೆ ಕಾಡು ನುಗ್ಗಿತು. ಚರ್ಚಿನ ಬಾಗಿಲ ಕೆತ್ತನೆ ಗ್ವಾರಾನಿಗಳ ಕೈಕೆಲಸ, ಕೆಂಪು ಮರಳುಗಲ್ಲು, ಸಂಜೆ ಬಿಸಿಲಿಗೆ ನೋಡಬೇಕು. ಅಲ್ಲೇ ಒಂದು ಮರ ಕಲ್ಲಿನ ಕಂಬವನ್ನು ಪೂರಾ ನುಂಗಿಕೊಂಡು ಬೆಳೆದಿದೆ, 'ಕಲ್ಲೆದೆಯ ಮರ' ಅನ್ನುತ್ತಾರೆ. ಕಾಂಡದ ಸಂದಿಯಲ್ಲಿ ಇಣುಕಿದರೆ ಕಲ್ಲು ಕಾಣುತ್ತದೆ.

ಬಿದ್ರಿ ಹೂಜಿ (ಬೀದರ್):
ಒಂದು ಮರೆತಿದ್ದೆ. ಹಳದಿ ಜ್ವರದ ಲಸಿಕೆ! ಆ ದೇಶಗಳಿಂದ ಬರುವವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿದ್ದರೆ ಭಾರತಕ್ಕೆ ಇಳಿದ ಮೇಲೆ ಆರು ದಿನದವರೆಗೆ ಬೇರೆ ಇಡಬಹುದು. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಅದೂ ಹೊರಡುವ ಹತ್ತು ದಿನ ಮೊದಲು. 60 ದಾಟಿದವರಿಗೆ ಅಪಾಯ ಸ್ವಲ್ಪ ಜಾಸ್ತಿ, ಅಪ್ಪನವರ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬೇಡಿ. ನಮ್ಮ ಏಜೆಂಟ್ ಇದನ್ನು ಹೇಳಲೇ ಇಲ್ಲ, ಕೊನೇ ಗಳಿಗೆಯಲ್ಲಿ ಓಡಾಡಿದೆವು.

ಊಟ ಕಷ್ಟವೇ. ಅಲ್ಲಿ ಎಲ್ಲೆಲ್ಲೂ ಮಾಂಸ. ಮರಗೆಣಸಿನ ಹಿಟ್ಟಿಗೆ ಚೀಸ್ ಹಾಕಿ ಸುಡುವ ಚಿಪಾ ಸಿಗುತ್ತದೆ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ.

ತೊಗರಿಕಣಜ (ಕಲಬುರಗಿ):
ಅಕ್ಕ, ತಮ್ಮ, ಇಬ್ಬರಿಗೂ ಶರಣು. ಲಸಿಕೆ ವಿಷಯ ಗೊತ್ತೇ ಇರಲಿಲ್ಲ, ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇವೆ. ಸಾವ್ ಪೌಲೋ ಕಥೆ ಕೇಳಿ ಅಪ್ಪ ತಮ್ಮನಿಗೆ ಫೋನ್ ಹಚ್ಚಿದ್ದಾರೆ. ಅವ್ವ ಮಾತ್ರ ಚಿಪಾದಲ್ಲಿ ಮೊಟ್ಟೆ ಅಂದ ಕೂಡಲೇ ಎದ್ದು ಹೋಗಿ ಖಡಕ್ ರೊಟ್ಟಿ ಲೆಕ್ಕ ಹಾಕುತ್ತಿದ್ದಾಳೆ.