ಪಿಯುಸಿ ಆಯ್ತು, ಬಯಾಲಜಿಯಲ್ಲಿ ಡಿಗ್ರಿ: ಮೇಡಂ ಜೊತೆ ಪ್ರಶ್ನೋತ್ತರ

(ಪಿಯುಸಿ ಫಲಿತಾಂಶದ ವಾರ ನಮ್ಮ ಪೋಷಕರ ಗುಂಪಿನಲ್ಲಿ ನಡೆದ ಮಾತು. ಉತ್ತರ ಕೊಟ್ಟವರು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಮೇಡಂ.)

ತಿಪಟೂರು: ನಮಸ್ಕಾರ ಮೇಡಂ. ಮಗಳಿಗೆ ಪಿಸಿಎಂಬಿಯಲ್ಲಿ 88%. ನೀಟ್ ಆಸೆ ಬಿಟ್ಟಿದ್ದೇವೆ. ಸಿಬಿಜೆಡ್ ಕೊಡಿಸಲಾ, ಬಯೋಟೆಕ್ ಕೊಡಿಸಲಾ?

ಮೇಡಂ: ನಮಸ್ಕಾರ ಸರ್. ಟೀಚರ್ ಆಗುವ ಆಸೆ ಸ್ವಲ್ಪ ಇದ್ದರೂ ಸಿಬಿಜೆಡ್ ಕೊಡಿಸಿ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೂರೂ ಇರುತ್ತವೆ. ಸರ್ಕಾರಿ ಹೈಸ್ಕೂಲಿನ ಜೀವವಿಜ್ಞಾನದ ಹುದ್ದೆಯನ್ನು ಸಿಬಿಜೆಡ್ ಅಂತಲೇ ಕರೆಯುತ್ತಾರೆ. ಲ್ಯಾಬು, ಕಂಪನಿ ಕಡೆ ಮನಸ್ಸಿದ್ದರೆ ಬಯೋಟೆಕ್ ಆಗಬಹುದು, ಆದರೆ ಎಂ.ಎಸ್ಸಿ. ತನಕ ಓದಿಸಬೇಕು. 2024-25ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷ.

ಚಾಮರಾಜನಗರ: ಮೈಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಅರ್ಜಿ ಯಾವಾಗ ಕರೀತಾರೆ?

ಹಾವೇರಿ: ಮೇಡಂ, ಮಗನಿಗೆ ಬಯಾಲಜಿ ಅಂದರೆ ಪ್ರಾಣ. ಲ್ಯಾಬಿನಲ್ಲಿ ಟೈಟ್ರೇಷನ್ (ಬಣ್ಣ ತಿರುಗುವ ತನಕ ದ್ರಾವಣವನ್ನು ಹನಿ ಹನಿಯಾಗಿ ಹಾಕುವ ಪ್ರಯೋಗ) ಮಾಡುವಾಗ ತಿಳಿ ಗುಲಾಬಿ ಬಂದದ್ದೇ ಅವನಿಗೆ ಗೊತ್ತಾಗಲಿಲ್ಲವಂತೆ. ಕಣ್ಣಿನ ಡಾಕ್ಟರು ಕೆಂಪು–ಹಸಿರು ಬಣ್ಣಗುರುಡು ಅಂದರು. ಬಿ.ಎಸ್ಸಿ.ಗೆ ಹಾಕಬೇಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಮಂಡ್ಯ: (ಫಾರ್ವರ್ಡ್) ಹೊನಗೊನ್ನೆ ಸೊಪ್ಪು, ಕ್ಯಾರೆಟ್ ರಸ, 48 ದಿನ. ಬಣ್ಣಗುರುಡು ಮಾಯ. ಹತ್ತು ಜನಕ್ಕೆ ಕಳಿಸಿ.

ಮೇಡಂ: ಹಾವೇರಿ ಅಮ್ಮ, ಧಾರಾಳವಾಗಿ ಹಾಕಿ. ಎಲ್ಲಿ ತೊಡಕಾಗುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಟೈಟ್ರೇಷನ್‌ನಲ್ಲಿ ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ ಇಡಲಿ. ಪಕ್ಕದಲ್ಲಿ ಇನ್ನೂ ಬಣ್ಣ ತಿರುಗದ ಇನ್ನೊಂದು ಫ್ಲಾಸ್ಕ್ ಇಟ್ಟುಕೊಂಡು ಎರಡನ್ನೂ ನೋಡಲಿ. ಗುಲಾಬಿ ಅಂತ ಗೊತ್ತಾಗದಿದ್ದರೂ ಒಂದು ಸ್ವಲ್ಪ ಮಬ್ಬಾದದ್ದು ಕಾಣಬಹುದು. ಮೈಕ್ರೋಬಯಾಲಜಿಯಲ್ಲಿ ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಗುಂಪು ಗುರುತಿಸುವ ಗ್ರಾಮ್ ಸ್ಟೇನ್ ಕಷ್ಟ. ನೇರಳೆ ಉಳಿದರೆ ಪಾಸಿಟಿವ್, ಗುಲಾಬಿಯಾದರೆ ನೆಗೆಟಿವ್. ಅಲ್ಲಿ ಪಕ್ಕದವರನ್ನು ಕೇಳಲಿ, ನಾಚಿಕೆ ಬೇಡ. ಅಂಗಾಂಶದ ಸ್ಲೈಡುಗಳಿಗೆ ನಾನು ಎಲ್ಲ ಮಕ್ಕಳಿಗೂ ಹೇಳುವುದು ಒಂದೇ: ಬಣ್ಣ ನಂಬಬೇಡಿ, ಆಕಾರ ನೋಡಿ. ನಮ್ಮ ಲ್ಯಾಬಿನ ಹಳೇ ಸ್ಲೈಡುಗಳು ಮಾಸಿ ಮಾಸಿ ಟೀ ಬಣ್ಣಕ್ಕೆ ಬಂದಿವೆ. ಅವುಗಳ ಮುಂದೆ ನಾವೆಲ್ಲ ಬಣ್ಣಗುರುಡರೇ.

ಮೊದಲ ದಿನವೇ ಲೆಕ್ಚರರ್‌ಗೆ ಹೇಳಲಿ. ಒಬ್ಬ ಹುಡುಗ ಎರಡು ವರ್ಷ ಮುಚ್ಚಿಟ್ಟಿದ್ದ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೆವತು ನಿಂತಾಗಲೇ ನನಗೆ ಗೊತ್ತಾದದ್ದು. ಅರಣ್ಯ ಇಲಾಖೆಯ ಸಮವಸ್ತ್ರದ ಹುದ್ದೆಗಳಿಗೆ ಕಣ್ಣಿನ ಪರೀಕ್ಷೆ ಇರುತ್ತದೆ. ಆ ಆಸೆ ಇದ್ದರೆ ಅಧಿಸೂಚನೆ ಮೊದಲೇ ಓದಿಕೊಳ್ಳಲಿ.

ಪರಮಾಣು ಸಿದ್ಧಾಂತದ ಡಾಲ್ಟನ್‌ಗೂ ಇದೇ ಇತ್ತು. 1794ರಲ್ಲಿ ಅದರ ಬಗ್ಗೆ ಪ್ರಬಂಧವನ್ನೇ ಓದಿದ. ತನ್ನ ಕಣ್ಣೊಳಗಿನ ದ್ರವ ನೀಲಿ ಇರಬೇಕು ಅಂದುಕೊಂಡಿದ್ದ. ಸತ್ತ ಮೇಲೆ ಕೊಯ್ದು ನೋಡಿದರೆ ತಿಳಿಯಾಗಿತ್ತು!

ಮಂಡ್ಯದವರೇ, ಇದು ಹುಟ್ಟಿನಿಂದ ಬಂದದ್ದು, ಎಕ್ಸ್ ಕ್ರೋಮೋಸೋಮಿನ ಜೀನ್. ಸೊಪ್ಪನ್ನು ಸಾರು ಮಾಡಿ ಉಣ್ಣಿ, ಚೆನ್ನಾಗಿರುತ್ತದೆ. ಸಾವಿರಗಟ್ಟಲೆ ಕೊಟ್ಟು ವಿಶೇಷ ಕನ್ನಡಕ ತಂದರೂ ಇದು ವಾಸಿಯಾಗುವುದಿಲ್ಲ.

ಮಂಡ್ಯ: ನಮ್ಮಜ್ಜಿ ಕಾಲದ ಔಷಧಿ ಮೇಡಂ. ಎಲ್ಲಾ ನಿಮ್ಮ ಬುಕ್ಕಿನಲ್ಲಿ ಇರಲ್ಲ.

ಮೇಡಂ: ನಿಮ್ಮಜ್ಜಿ ಹತ್ತು ಜನಕ್ಕೆ ಫಾರ್ವರ್ಡ್ ಮಾಡಿ ಅಂತ ಹೇಳಿರಲಿಕ್ಕಿಲ್ಲ.

ಕಡೂರು: ಮೇಡಂ, ಸಿಬಿಜೆಡ್ ಒಳ್ಳೇದಾ ಬಯೋಟೆಕ್ ಒಳ್ಳೇದಾ?

ಮೇಡಂ: ಮೇಲೆ ಇದೆ.

ಶಿರಸಿ: ನಾನು ಪಿಯು ವಿದ್ಯಾರ್ಥಿನಿ. ಗಣಿತ ತಗೊಂಡಿಲ್ಲ. ಐಸರ್, ಐಐಎಸ್ಸಿ ಥರದ ದೊಡ್ಡ ವಿಜ್ಞಾನ ಸಂಸ್ಥೆಗಳಲ್ಲಿ ಸೀಟು ಸಿಗುತ್ತಾ ಮೇಡಂ?

ಮೇಡಂ: ಐಐಎಸ್ಸಿಯ ನಾಲ್ಕು ವರ್ಷದ ಬಿ.ಎಸ್.ಗೆ ಪಿಯುಸಿಯಲ್ಲಿ ಗಣಿತ ಬೇಕೇ ಬೇಕು. ಐಸರ್ ಪರೀಕ್ಷೆ ಬರೆಯಬಹುದು ಪುಟ್ಟಿ, ಆದರೆ 60 ಪ್ರಶ್ನೆಯಲ್ಲಿ 15 ಗಣಿತ. ಶಿರಸಿಯಲ್ಲೇ ಅರಣ್ಯ ಕಾಲೇಜಿದೆ, ಅದನ್ನೂ ನೋಡು.

ತುಮಕೂರು: ಕಪ್ಪೆ ಕೊಯ್ಯಿಸ್ತಾರಾ? ನಾವು ಸಸ್ಯಾಹಾರಿಗಳು.

ಮೇಡಂ: ಇಲ್ಲ. 2014ರಲ್ಲೇ ಯುಜಿಸಿ ನಿಲ್ಲಿಸಿದೆ.

ತಿಪಟೂರು: ಯೋಚಿಸಿದೆ ಮೇಡಂ. ಸಿಬಿಜೆಡ್ ಹಳೇ ಕಾಲದ್ದು ಅನ್ನಿಸುತ್ತೆ. ಎಲೆ ಅಂಟಿಸಿಕೊಂಡು ಕೂತರೆ ಸಂಬಳ ಬರುತ್ತಾ?

ಧಾರವಾಡ: ಎಲೆ ಅಂಟಿಸಿಯೇ ನಾನು ಹೈಸ್ಕೂಲ್ ಮೇಷ್ಟ್ರಾದದ್ದು ಸರ್. ಬಯೋಟೆಕ್ ಮಾಡಿದ ನನ್ನ ಗೆಳೆಯ ಇವತ್ತು ಔಷಧಿ ಮಾರುತ್ತಾನೆ.

ತಿಪಟೂರು: ಔಷಧಿ ಮಾರುವವನು ನಿಮಗಿಂತ ಜಾಸ್ತಿ ದುಡಿಯುತ್ತಿರಬಹುದು.

ಧಾರವಾಡ: ಹಾಗಾದರೆ ಅವನನ್ನೇ ಕೇಳಿ. ಇಲ್ಲಿ ಯಾಕೆ ಕೇಳ್ತೀರಿ?

ಕಡೂರು: ಸುಮ್ನೆ ಜಗಳ ಬೇಡ. ಮೇಡಂ, ಎರಡರಲ್ಲಿ ಯಾವುದು ಅಂತ ಒಂದೇ ಮಾತಲ್ಲಿ ಹೇಳಿ.

ಬಳ್ಳಾರಿ: (ಫಾರ್ವರ್ಡ್) ಹೊಸ ನಿಯಮ! ಬಿ.ಎಸ್ಸಿ. ಮುಗಿಸಿದರೆ ಎಂಬಿಬಿಎಸ್ ಎರಡನೇ ವರ್ಷಕ್ಕೆ ನೇರ ಸೇರ್ಪಡೆ!

ಮೇಡಂ: ಸುಳ್ಳು. ನೀಟ್ ಬರೆಯದೆ ಎಂಬಿಬಿಎಸ್ ಇಲ್ಲ. ಇದನ್ನು ನಂಬಿ ಯಾರಾದರೂ ಏಜೆಂಟನಿಗೆ ದುಡ್ಡು ಕೊಟ್ಟರೆ ನೀವು ತುಂಬಿಕೊಡ್ತೀರಾ? ಅಳಿಸಿ. ಕಡೂರಿನವರೇ, ಒಂದೇ ಮಾತು: ಮಗುವನ್ನು ಕೇಳಿ.

ಚಾಮರಾಜನಗರ: ಹಾಸ್ಟೆಲ್ ಬಗ್ಗೆ ಯಾರಾದರೂ ಹೇಳ್ತೀರಾ?

ಹಾವೇರಿ: ಮೇಡಂ, ಎಕ್ಸ್ ಅಂದಿರಲ್ಲ, ಅದು ತಾಯಿ ಕಡೆಯಿಂದಾನಾ? ನಮ್ಮತ್ತೆ ಮೊಬೈಲ್ ನೋಡಿ ನೋಡಿ ಬಂತು ಅಂತಿದ್ದರು. ನನ್ನ ತಮ್ಮ ಹಸಿರು ರವಿಕೆ ಬಟ್ಟೆ ತಾ ಅಂದರೆ ಯಾವಾಗಲೂ ಕಂದು ತರ್ತಿದ್ದ. ನಾವೆಲ್ಲ ನಗ್ತಿದ್ವಿ.

ಮೇಡಂ: ಹೌದಮ್ಮ, ಹುಡುಗರಿಗೆ ಆ ಎಕ್ಸ್ ಬರುವುದು ತಾಯಿಯಿಂದ. ಗಂಡಸರಲ್ಲಿ ಸುಮಾರು 8% ಜನಕ್ಕೆ ಇರುತ್ತದೆ ಅಂತ ಪಿಯು ಪುಸ್ತಕದಲ್ಲೇ ಇದೆ. ನಿಮ್ಮ ತಪ್ಪೇನಿಲ್ಲ.

ಹಾವೇರಿ: ಅತ್ತೆಗೆ ಏನಂತ ಹೇಳಲಿ?

ಮೇಡಂ: ಮೊಬೈಲೇ ಅಂತ ಅಂದುಕೊಂಡಿರಲಿ ಬಿಡಿ. ನನಗೆ ಕ್ಲಾಸಿದೆ.